ಕೆಂಪು ಇಳಿದ ಮೇಲೆ

ಹುಟ್ಟಿದಾಗಿನಿಂದ ನಾನು ಒಂದು ಹನಿ ಹೆಂಡ ಮುಟ್ಟಿದವನಲ್ಲ. ಕೊರಳಲ್ಲಿ ಲಿಂಗ, ಮನೆಯಲ್ಲಿ ದಿನಾ ಪೂಜೆ. ಆದರೆ ಮೂವತ್ತು ದಾಟುತ್ತಿದ್ದಂತೆ ಮೂಗು, ಕೆನ್ನೆ ಕೆಂಪಾಗತೊಡಗಿದವು. ನಾನು ತುರ್ವಿಹಾಳದ ಶಾಲೆಯಲ್ಲಿ ಮೇಷ್ಟ್ರು. ಸಿಂಧನೂರಿನಲ್ಲಿ ಬೆಳಗಿನ ಬಸ್ಸು ಹತ್ತಿ ಕೂತರೆ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. "ಮಾಸ್ತರ್ರು ಮುಂಜಾನಿನೇ ಹಾಕ್ಯಾರ ನೋಡು" ಎಂದು ಹಿಂದಿನವರು ಪಿಸುಗುಟ್ಟುವುದು ಚೆನ್ನಾಗಿಯೇ ಕೇಳಿಸುತ್ತಿತ್ತು. ಹೆಣ್ಣು ನೋಡಲು ಹೋದಲ್ಲೂ ಚಹಾ ಕೊಟ್ಟು ಕಳಿಸಿದರು, ಮತ್ತೆ ಸುದ್ದಿಯಿಲ್ಲ. ಆಮೇಲೆ ಹೋಗುವುದನ್ನೇ ಬಿಟ್ಟೆ.

ಊರು ಹಾಳಾಗಿ ಹೋಗಲಿ, ಮಸ್ಕಿಯಲ್ಲಿದ್ದ ನನ್ನ ಅಕ್ಕನೂ ನಂಬಲಿಲ್ಲ. ನನಗೆ ಉಳಿದವಳು ಅವಳೊಬ್ಬಳೇ. ತನ್ನ ಮಗಳನ್ನು ಒಮ್ಮೆಯೂ ನನ್ನ ಬೈಕಿನ ಮೇಲೆ ಕೂಡಿಸಲಿಲ್ಲ. "ಬ್ಯಾಡಪ್ಪ, ನೀ ಯಾವಾಗ ಹೆಂಗಿರ್ತಿ ಯಾರಿಗೆ ಗೊತ್ತು" ಎನ್ನುವಳು. ಬಾಯಿ ಮೂಸಿ ನೋಡು ಎಂದೆ, ಆಣೆ ಮಾಡಿದೆ. ಕುಡಿಯುವವರೆಲ್ಲ ಆಣೆ ಮಾಡುತ್ತಾರಂತೆ. ಆ ಮಾತಿಗೆ ರೂಮಿಗೆ ಬಂದು ಅತ್ತಿದ್ದೇನೆ.

ಕೊನೆಗೆ ಲಿಂಗಸುಗೂರಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ನೋಡಿದವರೇ, "ಇದು ಕುಡಿದದ್ದಲ್ರಿ, ಚರ್ಮದ್ದು. ಬಿಸಿಲು, ಖಾರ, ಬಿಸಿ ಚಹಾಕ್ಕ ಕೆರಳತೈತಿ. ಪೂರ್ತಿ ಹೋಗಂಗಿಲ್ಲ, ಲೇಸರ್ ಮಾಡಿದ್ರ ಭಾಳ ಇಳೀತೈತಿ" ಎಂದರು. ನಾನು ಏನೂ ಹೇಳದೆಯೇ ಒಬ್ಬರು ನನ್ನನ್ನು ನಂಬಿದ್ದರು. ಅವರ ಕೈ ಹಿಡಿದುಕೊಳ್ಳಬೇಕೆನಿಸಿತು.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಮಲಗಿಸಿದರು. ಬೆಳಕು ಬಿದ್ದಾಗಲೆಲ್ಲ ರಬ್ಬರ್ ಬ್ಯಾಂಡು ಎಳೆದು ಬಿಟ್ಟ ಹಾಗೆ ಚುರುಕ್ಕೆನ್ನುತ್ತಿತ್ತು. ಮರುದಿನ ಮುಖ ಊದಿ, ಅಲ್ಲಲ್ಲಿ ನೇರಳೆ ಕಲೆ. ಶಾಲೆಯಲ್ಲಿ ಜೊತೆಯ ಮೇಷ್ಟ್ರು "ರಾತ್ರಿ ಎಲ್ಲಿ ಬಿದ್ರಿ ಸರ?" ಎಂದು ನಕ್ಕರು. ಡಾಕ್ಟರು ಹೇಳಿದಂತೆ ಮಿರ್ಚಿ ಭಜಿ ಬಿಟ್ಟೆ. ಎಲ್ಲರೂ ಚಹಾ ಕುಡಿದು ಎದ್ದು ಹೋದ ಮೇಲೂ ನನ್ನದು ಆರಲೆಂದು ಒಬ್ಬನೇ ಕೂತಿರುತ್ತಿದ್ದೆ.

ಮತ್ತೆ ಕೆಲವು ಸಲ ಹೋಗಿಬಂದ ಮೇಲೆ ಕೆಂಪು ಇಳಿಯಿತು. ಇನ್ನಾದರೂ ಅಕ್ಕ ನಂಬುತ್ತಾಳೆ ಎಂದು ಮಸ್ಕಿಗೆ ಬೈಕು ಓಡಿಸಿಕೊಂಡು ಹೋದೆ. ಬಾಗಿಲಲ್ಲೇ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಂತೂ ಬಿಟ್ಟಿ! ನಾ ಇಷ್ಟ್ ದಿನ ಬಡಕೊಂಡದ್ದು ತಲಿಗೆ ಹೋತು ನೋಡು."

"ಅಕ್ಕ, ಅದು ಲೇಸರ್..."

"ಯಾವ್ದರೆ ಔಷಧ ಇರಲಿ. ಬಿಟ್ಟಿ ಅಲ್ಲ?"

ನನಗೆ ಸಿಟ್ಟು ನೆತ್ತಿಗೇರಿತು. ಕೆಂಪು ಮುಖ ಕುಡುಕ ಎಂದಿತ್ತು, ಈಗ ತಿಳಿ ಮುಖ ಕುಡುಕನಾಗಿದ್ದ ಎನ್ನುತ್ತಿತ್ತು. ಅಷ್ಟರಲ್ಲಿ ಅವಳ ಮಗಳು ಚೀಲ ಹಾಕಿಕೊಂಡು ಹೊರಗೆ ಬಂದಳು. ಅಕ್ಕನ ಕಣ್ಣು ತುಂಬಿತ್ತು. "ಇವತ್ತ ಮಾಮನ ಗಾಡಿ ಮ್ಯಾಲೇ ಸಾಲಿಗೆ ಹೋಗು" ಎಂದು ಮಗಳಿಗೆ ಹೇಳಿದವಳು, ನನ್ನ ಉತ್ತರಕ್ಕೆ ಕಾಯುತ್ತ ನಿಂತಳು.

"ಹೂಂ ಅಕ್ಕ, ಬಿಟ್ಟೀನಿ" ಎಂದೆ.

ಹುಡುಗಿ ಹತ್ತಿ ಕೂತು, ಎರಡೂ ಕೈಯಲ್ಲಿ ನನ್ನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡಳು.