ದಾರಿಗೆ ಚೆಲ್ಲಿದ ಸಾಸಿವೆ

ಮೊನ್ನೆ ಒಗ್ಗರಣೆಗೆ ಇಟ್ಟ ಎಣ್ಣೆ ಹೆಚ್ಚು ಕಾದು ಸಾಸಿವೆ ಸೀದುಹೋಯಿತು. ಆ ಘಾಟು ಮೂಗಿಗೆ ಬಡಿದದ್ದೇ ಮುಂಬೈಯ ಮುಲುಂಡಿನ ನಾಲ್ಕನೇ ಮಾಳಿಗೆಯ ಮೇಡಂ ನೆನಪಾದಳು. ಸಾಸಿವೆ ಸಿಡಿದಾಗಲೆಲ್ಲ ಬರೆಯುವುದನ್ನು ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು, ಒಳಗೆ ಏನೋ ಆಟ ನಡೆದಿದೆ ಎನ್ನುವ ಹಾಗೆ...

ಅಮೆರಿಕದವಳು. ಕಪ್ಪು ಹೆಂಗಸು, ನನಗಿಂತ ಕಪ್ಪು. ಎರಡು ವರ್ಷ ಅವಳ ಮನೆಯ ಕಸ, ಫರಶಿ, ಅಡುಗೆ ನನ್ನದು. ದೆವ್ವದ ಕತೆ, ಪದ್ಯ, ಲೇಖನ ಬರೆಯುತ್ತಿದ್ದಳು. ಮೂರೂ ಅಚ್ಚಾಗಿ ಕಪಾಟಿನಲ್ಲಿದ್ದವು. ಧೂಳು ಒರೆಸುವವಳು ನಾನೇ. ದೆವ್ವದ್ದು ದಪ್ಪ, ಪದ್ಯದ್ದು ತೆಳು.

ಬಿಲ್ಡಿಂಗಿನ ಹೆಂಗಸರಿಗೆ ಅವಳದೇ ಚಿಂತೆ. ಬೆಳಗಾವಿ ಕಡೆಯ ಒಬ್ಬಳು ಲಿಫ್ಟಿನಲ್ಲಿ ನನ್ನನ್ನು ಹಿಡಿದು ಕೇಳಿಯೇ ಬಿಟ್ಟಳು:

"ಆಕಿ ಕಾಲ್ ಹಿಂದ್ಮುಂದ್ ಅದಾವೇನ, ನೋಡೀಯೇನಬೇ?"

"ದಿನಾ ಆ ಕಾಲ್ ಸುತ್ತನ ಫರಶಿ ಒರಸ್ತೀನ್ರಿ ಬಾಯಾರ. ನೆಟ್ಟಗ ಅದಾವ. ಹಿಮ್ಮಡ ಒಡದಾವ, ನಿಮ್ಮವು ಒಡದಂಗ."

ಒಂದು ಮಧ್ಯಾಹ್ನ ಮೇಡಂ ತನ್ನ ಮುರುಕು ಹಿಂದಿಯಲ್ಲಿ ಕೇಳಿದಳು, ನಿಮ್ಮೂರಲ್ಲಿ ದೆವ್ವ ಬರದ ಹಾಗೆ ಏನು ಮಾಡುತ್ತಾರೆ ಎಂದು. ನಾನೂ ಮುರುಕು ಹಿಂದಿಯಲ್ಲೇ ಹೇಳಿದೆ. ವಿಜಯಪುರದ ಕಡೆ ನಮ್ಮೂರಲ್ಲಿ ಬಾಣಂತಿ ಸತ್ತರೆ, ಮಣ್ಣು ಮಾಡಿ ಬರುವಾಗ ದಾರಿಯುದ್ದಕ್ಕೂ ಸಾಸಿವೆ ಚೆಲ್ಲುತ್ತಿದ್ದರು. ಮಕ್ಕಳ ಆಸೆಗೆ ಅವಳು ಎದ್ದು ಬಂದರೆ ಒಂದೊಂದೇ ಕಾಳು ಆರಿಸಬೇಕು. ಆರಿಸುವಷ್ಟರಲ್ಲಿ ಬೆಳಗಾಗುತ್ತದೆ, ಮನೆ ಮುಟ್ಟುವುದಿಲ್ಲ.

"ಫಿರ್?" ಎಂದಳು, ಆಮೇಲೇನಾಯಿತು ಎನ್ನುವ ಹಾಗೆ.

ನಮ್ಮವ್ವ ಹೆರಿಗೆಯಲ್ಲಿ ಸತ್ತಾಗ ನನಗೆ ಏಳು ವರ್ಷ. ಇಷ್ಟು ಸಾಸಿವೆ ಬಿದ್ದರೆ ಅವ್ವ ಮನೆಗೆ ಬರುವುದು ಹೇಗೆ ಎಂದು ಮರುದಿನ ನಾನೇ ಹೋಗಿ ಆರಿಸಿದೆ. ಲಂಗದಲ್ಲಿ ಕಟ್ಟಿಕೊಂಡು ಬಂದು, ಬೇರೆಲ್ಲಿ ಇಡುವುದು ತಿಳಿಯದೆ, ಅಡುಗೆಮನೆಯ ಸಾಸಿವೆ ಡಬ್ಬಿಗೇ ಸುರಿದೆ. ಅಜ್ಜಿ ಅದರಿಂದಲೇ ಸಾರಿಗೆ ಒಗ್ಗರಣೆ ಕೊಟ್ಟಳು. ಎಲ್ಲರೂ ಉಂಡೆವು. ಇದನ್ನು ಗಂಡನಿಗೂ ಹೇಳಿರಲಿಲ್ಲ.

ಮೇಡಂ ಅಯ್ಯೋ ಎನ್ನಲಿಲ್ಲ. ಸಾರಿನ ರುಚಿ ಹೇಗಿತ್ತು ಎಂದು ಕೇಳಿದಳು. ಸಾರಿನ ಹಾಗೇ ಇತ್ತು ಎಂದೆ. ಅವ್ವ ಬಂದಳೇ ಎಂದು ಕೇಳಿದಳು. ಎಷ್ಟೋ ದಿನ ಹೊಸ್ತಿಲಿಗೆ ತಲೆ ಇಟ್ಟು ಮಲಗಿದೆ, ಬರಲಿಲ್ಲ ಎಂದೆ. ಎಲ್ಲೋ ಒಂದು ಕಾಳು ಬಿಟ್ಟಿದ್ದೆನೇನೋ... ಈ ವಯಸ್ಸಿಗೂ ಅದೊಂದು ಒಳಗೆ ಕೊರೆಯುತ್ತಿತ್ತು.

ಇದನ್ನು ಬರೆಯಲೇ ಎಂದಳು. ನನ್ನ ಬಾಯಿಂದ ಕನ್ನಡವೇ ಹೊರಟಿತು.

"ಬರಿ. ಆದ್ರ ನಮ್ಮವ್ವನ್ನ ಬಾಗಲ್ದಾಗ ನಿಂದರಸಬ್ಯಾಡ. ಒಳಗ ಕರಕೊಂಡ ಬಾ."

ಆಮೇಲೆ ಹಿಂದಿಯಲ್ಲಿ ತಿಳಿಸಿ ಹೇಳಿದೆ. ತಲೆ ಆಡಿಸಿದಳು. ಆ ವರ್ಷವೇ ತನ್ನ ದೇಶಕ್ಕೆ ಹೋದಳು; ಕತೆ ಇನ್ನೂ ಮುಗಿದಿರಲಿಲ್ಲ.

ಹೋದ ತಿಂಗಳು ಅವಳ ತಂಗಿಯಿಂದ ಒಂದು ಪುಸ್ತಕ ಬಂತು, ಜೊತೆಗೆ ಚೀಟಿ. ಅಕ್ಕ ತೀರಿಕೊಂಡಳು, ಇದನ್ನು ನಿಮಗೆ ಮುಟ್ಟಿಸಲು ಹೇಳಿದ್ದಳು ಎಂದು.

ನಾನು ಓದಿದ್ದು ಎರಡನೇ ಇಯತ್ತೆ, ಅದೂ ಕನ್ನಡ ಶಾಲೆಯಲ್ಲಿ. ಇಂಗ್ಲಿಷನ್ನು ಮೊಮ್ಮಗಳು ಓದಿ ಅರ್ಧ ಹಿಂದಿ, ಅರ್ಧ ಕನ್ನಡ ಮಾಡಿ ಹೇಳಿದಳು. ಕತೆಯ ಹುಡುಗಿ ಒಂದು ಕಾಳೂ ಬಿಟ್ಟಿರಲಿಲ್ಲ. ಮನೆಯವರೆಲ್ಲ ಉಣ್ಣಲು ಕೂತಾಗ ಅವ್ವ ಮಣ್ಣು ಮೆತ್ತಿದ ಕಾಲಲ್ಲಿ ಹೊಸ್ತಿಲು ದಾಟಿ, ಮಗಳ ಪಕ್ಕ ಕೂತು, ಅದೇ ತಾಟಿಗೆ ಕೈ ಹಾಕುತ್ತಾಳೆ. ಅವಳು ಕಾಣುವುದು ಮಗಳಿಗೆ ಮಾತ್ರ. ಉಳಿದವರ ಬಾಯಲ್ಲಿ ಸಾರು ಕಹಿಯಾಗುತ್ತದೆ.

ಮೊಮ್ಮಗಳು ಪುಸ್ತಕ ಮುಚ್ಚಿದಳು. "ಅಜ್ಜಿ, ಬಹುತ್ ಡರಾವ್ನಾ ಹೈ. ಹೆದರಿಕೆ ಆಗುತ್ತೆ, ನಾನು ಮುಂದೆ ಓದಲ್ಲ."

"ಆಕಿ ಒಳಗ ಬಂದದ್ದು ಇನ್ನೊಮ್ಮೆ ಓದು," ಎಂದೆ.

ಮೂರು ಸಲ ಓದಿಸಿದೆ. ಸಾರು ಕಹಿ ಎಂದದ್ದು ಮಾತ್ರ ಸುಳ್ಳು. ಎದುರಿಗಿದ್ದರೆ ಬೈಯುತ್ತಿದ್ದೆ, ಬೈಯಲು ಈಗ ಅವಳಿಲ್ಲ.

ಸೀದ ಸಾಸಿವೆಯನ್ನು ಚೆಲ್ಲಿ ಬಾಣಲೆ ತಿಕ್ಕುತ್ತಿದ್ದಾಗ ಹೊಳೆಯಿತು. ಎರಡು ವರ್ಷ ಕೇಳಿದ್ದೆಲ್ಲ ಅವಳೇ. ಅವಳ ಕಡೆ ಸತ್ತವರ ದಾರಿಗೆ ಏನು ಚೆಲ್ಲುತ್ತಾರೆ ಎಂದು ನಾನು ಒಂದು ದಿನವೂ ಕೇಳಲಿಲ್ಲ...