ಗಾಳಿ ಮೋಟರಿನ ಆಯುಧಪೂಜೆ

ಮೀನು ಸಾರು ಮಾಡುವ ಭಾನುವಾರ ನಮ್ಮ ಅತ್ತೆ ಎಲ್ಲಕ್ಕಿಂತ ಮೊದಲು ಮಾಡುತ್ತಿದ್ದ ಕೆಲಸವೆಂದರೆ ನಡುಮನೆಯ ಫಿಶ್ ಟ್ಯಾಂಕಿಗೆ ಟವೆಲ್ ಹೊದಿಸುವುದು. ಮಾರ್ಕೆಟ್ಟಿನಿಂದ ನನ್ನ ಗಂಡ ತಂದ ಮೀನಿನ ಚೀಲ ಅಲ್ಲಿಯವರೆಗೂ ಗೇಟಿನ ಪಕ್ಕದಲ್ಲೇ ಕಾಯಬೇಕು. ಟವೆಲ್ ಬಿದ್ದ ಮೇಲೆಯೇ ಅದಕ್ಕೆ ಒಳಗೆ ಪ್ರವೇಶ. ಉಜ್ಜಿ ತೊಳೆದು, ಮಸಾಲೆ ರುಬ್ಬಿ, ಮುದ್ದೆ ಕಟ್ಟಿ, ಎಲ್ಲರೂ ಉಂಡು, ಮುಳ್ಳುಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಆಚೆ ಹಾಕಿದ ನಂತರ ಟವೆಲ್ ತೆಗೆಯುತ್ತಿದ್ದರು. ನನಗೆ ಬಾಯಿ ಸ್ವಲ್ಪ ಜಾಸ್ತಿ. ಒಂದು ಸಲ ಕೇಳಿಯೇಬಿಟ್ಟೆ.

"ಅದಕ್ಕೆಲ್ಲ ಗೊತ್ತಾಗುತ್ತಾ ಅತ್ತೆ?"

"ಅದಕ್ಕೆ ಗೊತ್ತಾಗುತ್ತೋ ಬಿಡುತ್ತೋ, ನನಗೆ ಗೊತ್ತಾಗುತ್ತಲ್ಲ" ಅಂದರು.

ನಾನು ಈರುಳ್ಳಿ ಹೆಚ್ಚಲು ಕೂತೆ.

ನಮ್ಮದು ವಿಜಯನಗರದಲ್ಲಿ ಕೆಳಗೆ ನಾವು, ಮೇಲೆ ಬಾಡಿಗೆಯವರು ಇರುವ ಮನೆ. ಟ್ಯಾಂಕು ನಾವು ಆಸೆಪಟ್ಟು ತಂದದ್ದಲ್ಲ. ಮೇಲಿನ ಮನೆಯಲ್ಲಿ ಹಾವೇರಿ ಕಡೆಯ ಗಂಡ ಹೆಂಡತಿ ಇದ್ದರು. ಯುಗಾದಿ ಕಳೆದ ಮೇಲೆ ಮನೆ ಖಾಲಿ ಮಾಡಿ ಊರಿಗೆ ಹೊರಟಾಗ ಆ ಹುಡುಗ ಬಂದು ಅತ್ತೆಯ ಮುಂದೆ ಕೈ ಕಟ್ಟಿ ನಿಂತ. "ಅಮ್ಮಾರ, ಇದನ್ನ ಅಷ್ಟು ದೂರ ಒಯ್ಯಾಕ ಆಗಾಂಗಿಲ್ರೀ. ನಿಮ್ಮ ಮನ್ಯಾಗ ಇರ್ಲಿ. ಭಾಳ ಸಾಧು ಐತ್ರಿ" ಅಂದ. ಅತ್ತೆ ಹುಟ್ಟಿ ಬೆಳೆದದ್ದು ಹೆಗ್ಗನಹಳ್ಳಿಯಲ್ಲಿ, ಅಲ್ಲಿ ಇನ್ನೂ ಹೊಲ ಇದ್ದ ಕಾಲದಲ್ಲಿ. ರಾಗಿ ಮುದ್ದೆಗೆ ಕೆರೆ ಮೀನಿನ ಸಾರು ಕಲಸಿಕೊಂಡು ದೊಡ್ಡವರಾದವರು. "ನಮ್ಮನೆಗೆ ಮೀನು ಬಂದ್ರೆ ನೆಟ್ಟಗೆ ಬಾಣಲೆಗೇ ಕಣಪ್ಪ ಹೋಗೋದು" ಎಂದರು. ಅವನು ತಮಾಷೆ ಅಂದುಕೊಂಡು ನಕ್ಕು, ಟ್ಯಾಂಕು ಇಳಿಸಿ ಹೋದ.

ಅದರಲ್ಲಿ ಎರಡು ಮೀನಿದ್ದವು. ಒಂದು ಆಸ್ಕರ್. ಕಪ್ಪು ಮೈಯ ಮೇಲೆ ಕೆಂಡದ ಬಣ್ಣದ ಗೀರುಗಳು, ದಪ್ಪ ತುಟಿ, ಎಲ್ಲರನ್ನೂ ತಿರುಗಿ ತಿರುಗಿ ನೋಡುವ ಕಣ್ಣು. ಇನ್ನೊಂದು ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು. ಅದನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. "ಯಾವಾಗ ನೋಡಿದ್ರೂ ನೆಕ್ಕೋದೇ ಕೆಲಸ" ಎಂದು ಬೈಯುತ್ತಿದ್ದರು.

ಆಸ್ಕರ್ ಮಾತ್ರ ಒಂದೇ ವಾರದಲ್ಲಿ ಅವರನ್ನು ಬುಟ್ಟಿಗೆ ಹಾಕಿಕೊಂಡಿತು. ಅತ್ತೆ ಬೆಳಗ್ಗೆ ಸೊಪ್ಪು ಸೋಸಲು ಟ್ಯಾಂಕಿನ ಎದುರಿಗೆ ಕೂತರೆ ಅದು ಆ ಕಡೆಯ ಗಾಜಿಗೆ ಬಂದು ನಿಲ್ಲುತ್ತಿತ್ತು. ಎದ್ದು ಅಡುಗೆಮನೆಗೆ ಹೋದರೆ ಕಣ್ಣು ಅತ್ತಲೇ. ನಾನು, ನನ್ನ ಗಂಡ ಹತ್ತಿರ ಹೋದರೆ ಕ್ಯಾರೇ ಅನ್ನುತ್ತಿರಲಿಲ್ಲ. ಮೊದಲ ದಿನ ಅತ್ತೆ ಅದಕ್ಕೊಂದು ಚೂರು ಮುದ್ದೆ ಹಾಕಿದ್ದರು. ಬಾಯಿಗೆ ತಗೊಂಡು ಥೂ ಎಂದು ಉಗಿಯಿತು. ಅತ್ತೆಗೆ ಅವಮಾನ ಆಯಿತು. "ಮುದ್ದೆ ಉಗೀತಲ್ಲ, ಯಾವ ಸೀಮೆದೋ ಇದು" ಎಂದರು. ಆದರೂ ಸಂಜೆ ವಾಕಿಂಗಿಗೆ ಹೋದವರು ಬರುವಾಗ ಮೀನಿನ ಕಾಳಿನ ಡಬ್ಬಿ ಹಿಡಿದುಕೊಂಡೇ ಬಂದರು. ಆಮೇಲಾಮೇಲೆ ಅದು ಅವರ ಬೆರಳಿನಿಂದಲೇ ಕಾಳು ಕಿತ್ತುಕೊಂಡು ತಿನ್ನತೊಡಗಿತು. ಅದಕ್ಕೆ ಅವರು ಹೆಸರು ಇಡಲಿಲ್ಲ, "ಮರೀ" ಎಂದು ಕರೆಯುತ್ತಿದ್ದರು. ಮೊಮ್ಮಕ್ಕಳನ್ನೂ ಹಾಗೆ ಕರೆದದ್ದು ನಾನು ಕೇಳಿಲ್ಲ.

ಅದರ ನೀರಿನದು ದೊಡ್ಡ ಕಥೆ. ಬೋರ್‌ವೆಲ್ ನೀರು ಗಡಸು ಎಂದು ಅದಕ್ಕೆ ಹಾಕುವಂತಿಲ್ಲ. ಕಾವೇರಿ ನೀರು ಬಂದ ದಿನ ಒಂದು ಡ್ರಮ್ಮು ತುಂಬಿಸಿ, ಕ್ಲೋರಿನ್ ಹಾರಿಹೋಗಲೆಂದು ಮುಚ್ಚಳ ತೆಗೆದು, ಮಹಡಿಯ ಮೇಲೆ ಗಾಳಿಗೆ ಬಿಡಬೇಕು. ಮಂಡಿ ನೋವಿನ ಅತ್ತೆ ಮೆಟ್ಟಿಲು ಹತ್ತಿ ಹೋಗಿ, ಬೊಗಸೆಯಲ್ಲಿ ನೀರು ತಗೊಂಡು ಮೂಗಿನ ಹತ್ತಿರ ಹಿಡಿದು, "ಇನ್ನೂ ಔಷಧಿ ವಾಸ್ನೆ ಹೋಗಿಲ್ಲ" ಎಂದು ಇಳಿದು ಬರುತ್ತಿದ್ದರು. ಮಾರನೆಯ ದಿನ ಮತ್ತೆ ಹತ್ತುತ್ತಿದ್ದರು. ನಮಗೆ ಸ್ನಾನಕ್ಕೆ ಬೋರ್‌ವೆಲ್ಲು, ಮೀನಿಗೆ ಕಾವೇರಿ! ನಾನು ರೇಗಿಸಿದರೆ, "ನೀನು ನೀರಲ್ಲೇ ಮಲಗ್ತೀಯೇನೇ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ತೆಗೆದ ಹಳೇ ನೀರನ್ನೂ ಚೆಲ್ಲುತ್ತಿರಲಿಲ್ಲ. ಕರಿಬೇವಿಗೆ, ದಾಸವಾಳಕ್ಕೆ ಹಾಕುತ್ತಿದ್ದರು. ತುಳಸಿಗೆ ಮಾತ್ರ ಇಲ್ಲ, ಅದು ಮೀನಿನ ನೀರಲ್ಲವೇ.

ಇಷ್ಟೆಲ್ಲ ಮಾಡಿಸಿಕೊಂಡರೂ ಅದಕ್ಕೆ ಮುನಿಸು. ನೀರು ಬದಲಿಸಿದ ದಿನವೆಲ್ಲ ಮೂಲೆಗೆ ಹೋಗಿ, ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದುಕೊಳ್ಳುತ್ತಿತ್ತು. ಮೊದಲ ಸಲ ನೋಡಿ ಸತ್ತೇ ಹೋಯಿತೆಂದು ನಾನು ಕಿರುಚಿದ್ದೆ. ಆಸ್ಕರ್ ಮೀನಿನ ಸ್ವಭಾವವೇ ಅಂಥದ್ದು ಎಂದು ಕಾಳು ಮಾರುವ ಅಂಗಡಿಯಾತ ಫೋನಿನಲ್ಲಿ ಹೇಳಿದ. ಅತ್ತೆ ಗಾಜಿಗೆ ಮುಖ ಇಟ್ಟು, "ಏಳು ಮರೀ, ಸಾಕು ನಾಟಕ" ಎಂದು ರಮಿಸುತ್ತಿದ್ದರು. ಸಂಜೆಯ ಹೊತ್ತಿಗೆ ಏನೂ ಆಗದವರ ಹಾಗೆ ಎದ್ದು ಬರುತ್ತಿತ್ತು. ಈ ಮುನಿಸಿನ ಅಭ್ಯಾಸ ನಮಗೆಲ್ಲ ಆಗಿಹೋಯಿತು.

ಆಯುಧಪೂಜೆ ಅಂದರೆ ಅತ್ತೆಗೆ ಎಲ್ಲ ಹಬ್ಬಕ್ಕಿಂತ ಒಂದು ಕೈ ಮೇಲೆ. ಕಾರು, ಸ್ಕೂಟರು, ಮಿಕ್ಸಿ, ಗ್ರೈಂಡರು, ಸಂಪಿನ ಮೋಟರು, ಈಳಿಗೆಮಣೆ, ಕತ್ತರಿ, ಎಲ್ಲವನ್ನೂ ತೊಳೆದು ಒರೆಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ ಆರತಿ ಬೆಳಗುತ್ತಾರೆ. ಪೂಜೆಯಾದ ಮೇಲೆ ಯಾವುದನ್ನೂ ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ವರ್ಷವೆಲ್ಲ ನಮಗಾಗಿ ದುಡಿದದ್ದಕ್ಕೆ ಒಂದು ದಿನ ವಿಶ್ರಾಂತಿ ಬೇಡವೇ ಎಂಬುದು ಅವರ ನ್ಯಾಯ. ಆ ನ್ಯಾಯ ನನಗೂ ಇಷ್ಟ, ಆ ದಿನ ನನಗೂ ಅಷ್ಟಿಷ್ಟು ವಿಶ್ರಾಂತಿ ಸಿಗುತ್ತದೆ.

ಟ್ಯಾಂಕಿನ ಪಕ್ಕದ ಹಲಗೆಯ ಮೇಲೆ ಒಂದು ಪುಟ್ಟ ಗಾಳಿ ಮೋಟರು ಇತ್ತು. ಗುಂಯ್ ಎನ್ನುತ್ತಾ, ಸಣ್ಣ ಪೈಪಿನಿಂದ ನೀರಿಗೆ ಗುಳ್ಳೆ ಬಿಡುತ್ತಿತ್ತು. ಮೊದಲ ದಸರೆಯಲ್ಲಿ ಅತ್ತೆಯ ಕಣ್ಣು ಅದರ ಮೇಲೂ ಬಿತ್ತು. "ಇದೂ ಪಾಪ ಹಗಲೂ ರಾತ್ರಿ ದುಡೀತದೆ. ಇವತ್ತೊಂದಿನ ಸುಮ್ನೆ ಕೂತ್ಕೊಳ್ಲಿ" ಎಂದು ಸ್ವಿಚ್ ಆರಿಸಿ, ಒರೆಸಿ, ಹೂ ಇಟ್ಟರು. ಫ್ರಿಜ್ಜಿಗೆ ಮಾತ್ರ ರಜೆ ಇಲ್ಲ, ಹಾಲು ಕೆಡುತ್ತದೆ. ಮೀನಿಗೆ ಆ ವರ್ಷ ಏನೂ ಆಗಲಿಲ್ಲ. ಆಗ ಅದಿನ್ನೂ ಬೆರಳುದ್ದ ಇತ್ತು.

ಮುಂದಿನ ದಸರೆಯ ಹೊತ್ತಿಗೆ ಅದು ನನ್ನ ಅಂಗೈ ಮೀರಿ ಬೆಳೆದಿತ್ತು. ಟ್ಯಾಂಕು ಮಾತ್ರ ಅದೇ ಟ್ಯಾಂಕು. ಬೆಳಗ್ಗೆ ನೀರು ಬದಲಿಸಿದೆವು, ಅದು ಪದ್ಧತಿಯ ಪ್ರಕಾರ ಮುನಿಸಿಕೊಂಡು ಮೂಲೆಗೆ ಹೋಯಿತು. ಮೋಟರಿಗೆ ಸ್ನಾನ, ಕುಂಕುಮ, ಹೂ, ರಜೆ. ಮನೆಗೆ ಬೀಗ ಹಾಕಿ ಎಲ್ಲರೂ ಹೆಗ್ಗನಹಳ್ಳಿಗೆ, ಅತ್ತೆಯ ತಮ್ಮನ ಮನೆಗೆ ಊಟಕ್ಕೆ ಹೋದೆವು. ಬಿಸಿಲು ಜೋರಾಗಿತ್ತು. ಒಬ್ಬಟ್ಟು ತಿಂದು, ಹರಟೆ ಹೊಡೆದು, ವಾಪಸು ಬಂದಾಗ ದೀಪ ಹಚ್ಚುವ ಹೊತ್ತು.

ಆಸ್ಕರ್ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ನನ್ನ ಗಂಡ ನೋಡಿ, "ಇನ್ನೂ ಕೋಪ ಇಳಿದಿಲ್ವಾ ಸಾಹೇಬ್ರಿಗೆ" ಎಂದು ನಕ್ಕ. ನಾನೂ ನಕ್ಕೆ. ಅತ್ತೆ ಚೀಲ ಕೆಳಗಿಟ್ಟು ಗಾಜಿನ ಹತ್ತಿರ ಹೋದರು. ಎಡಕ್ಕೆ ಸರಿದರು, ಬಲಕ್ಕೆ ಸರಿದರು.

"ಇದು ಮುನಿಸಲ್ಲ ಕಣೋ" ಅಂದರು. "ಮುನಿಸ್ಕೊಂಡಾಗ್ಲೂ ಅದು ನನ್ನನ್ನ ನೋಡ್ತಿತ್ತು. ಈಗ ನೋಡ್ತಿಲ್ಲ."

ಮರುಗಳಿಗೆಯೇ ಅವರಿಗೆ ಎಲ್ಲ ಹೊಳೆಯಿತು. ಹೂ ಕಿತ್ತು ಬಿಸಾಕಿ ಮೋಟರು ಹಾಕಿದರು. ಅಷ್ಟಕ್ಕೇ ಬಿಡದೆ ಸ್ಟೂಲ್ ಎಳೆದು ಕೂತು, ಚೊಂಬಿನಲ್ಲಿ ಟ್ಯಾಂಕಿನ ನೀರನ್ನೇ ಮೊಗೆದು, ಕೈ ಎತ್ತರಕ್ಕೆತ್ತಿ ಮತ್ತೆ ಟ್ಯಾಂಕಿಗೇ ಸುರಿಯತೊಡಗಿದರು. ನೀರಿಗೆ ಗಾಳಿ ಸೇರಲಿ ಎಂದು. ಹಬ್ಬದ ಸೀರೆಯ ಸೆರಗೆಲ್ಲ ತೊಯ್ದು ಹೋಯಿತು. ನಾನು ಸುರಿಯುತ್ತೇನೆ ಬಿಡಿ ಎಂದರೆ ಚೊಂಬು ಕೊಡಲಿಲ್ಲ. ಒಂದು ಹಂತದಲ್ಲಿ ಮೀನಿನ ಕಿವಿರು ಆಡಿತು, ನೆಟ್ಟಗಾಗಿ ಅರ್ಧ ಗೇಣು ಮೇಲೆ ಬಂತು. ನಾವೆಲ್ಲ ಉಸಿರು ಬಿಟ್ಟೆವು. ಅವರು ಸುರಿಯುವುದನ್ನು ನಿಲ್ಲಿಸಲಿಲ್ಲ. ಆ ಕೈಯನ್ನು ನೋಡುತ್ತಾ, ಈ ಹೆಂಗಸಿನ ಜೊತೆ ಇಷ್ಟು ವರ್ಷ ಚಿಲ್ಲರೆ ವಿಷಯಕ್ಕೆಲ್ಲ ಜಗಳ ಆಡಿದೆನಲ್ಲ ಎನಿಸಿತು ನನಗೆ.

ವಿಜಯದಶಮಿಯ ಬೆಳಗ್ಗೆ ಅದು ತೇಲುತ್ತಿತ್ತು. ಸಕ್ಕರ್ ಮಾತ್ರ ಎಂದಿನಂತೆ ಗಾಜು ನೆಕ್ಕುತ್ತಿತ್ತು. ಅದು ಮೇಲೆ ಬಂದು ಹೊರಗಿನ ಗಾಳಿ ಗುಟುಕರಿಸಬಲ್ಲ ಜಾತಿಯಂತೆ. ಅತ್ತೆ ಬೀರುವಿನಿಂದ ಹೊಸ ರವಿಕೆ ಪೀಸು ತೆಗೆದು, ಅದರಲ್ಲಿ ಆಸ್ಕರ್ ಅನ್ನು ಸುತ್ತಿ, ದಾಸವಾಳದ ಬುಡದಲ್ಲಿ ತಾವೇ ಮಣ್ಣು ತೋಡಿ ಮಲಗಿಸಿದರು. ಮೀನು ಸಾಕಿದವರ ಮನೆಗಳಲ್ಲಿ ಒಂದು ನಂಬಿಕೆ ಇದೆ. ಸಾಕಿದ ಮೀನು ಸತ್ತರೆ ಮನೆಯವರಿಗೆ ಬರಬೇಕಿದ್ದ ಕೇಡನ್ನು ಅದು ತನ್ನ ಮೇಲೆ ಎಳೆದುಕೊಂಡು ಹೋಯಿತು ಎನ್ನುತ್ತಾರೆ. ಬನ್ನಿ ಕೊಡಲು ಬಂದ ಎದುರುಮನೆ ಆಂಟಿ ಅದನ್ನೇ ಹೇಳಿದರು.

"ಅಳ್ಬೇಡಿ ಅಮ್ಮ. ನಿಮ್ಮನೆಗೆ ಏನೋ ದೊಡ್ಡ ಕಂಟಕ ಇತ್ತು, ಅದು ತಗೊಂಡು ಹೋಯ್ತು. ಒಳ್ಳೇದೇ ಆಯ್ತು ಅನ್ಕೊಳ್ಳಿ."

ನನ್ನ ಗಂಡ ಹೌದು ಹೌದು ಎಂದು ತಲೆಯಾಡಿಸಿದ. ಅತ್ತೆ ಆ ಮಾತನ್ನು ಹಿಡಿದುಕೊಂಡುಬಿಡಲಿ, ಎದೆ ಹಗುರ ಮಾಡಿಕೊಳ್ಳಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಕಂಟಕ ಯಾವ್ದೂ ಬಂದಿರ್ಲಿಲ್ಲ ಕಣಮ್ಮ" ಅಂದರು. "ಮೋಟ್ರು ಆರ್ಸಿದ್ದು ನಾನು. ಉಸಿರು ಕಟ್ಟಿ ಸತ್ತದ್ದು ಅದು. ಹಾಲು ಕೆಡ್ತದೆ ಅಂತ ಫ್ರಿಜ್ ಆರಿಸ್ಲಿಲ್ಲ ನಾನು. ಹಾಲಿಗಿದ್ದ ಯೋಚ್ನೆ ಅದಕ್ಕಿರ್ಲಿಲ್ಲ. ಸತ್ತಿದ್ದೂ ಅಲ್ದೆ, ಅದು ನಮಗೆ ಉಪಕಾರ ಮಾಡ್ತು ಅಂತ ಬೇರೆ ಹೇಳ್ಬೇಕಾ?"

ಆಂಟಿ ಬನ್ನಿ ಕೊಟ್ಟು ಹೊರಟರು. ನಾನು ಹುಟ್ಟಿದ ಮನೆಯಲ್ಲೂ, ಸೇರಿದ ಮನೆಯಲ್ಲೂ ಏನೇ ಆದರೂ ಹಣೆಬರಹ, ದೃಷ್ಟಿ, ಗ್ರಹಚಾರ ಎಂದು ಯಾವುದರ ತಲೆಗಾದರೂ ಕಟ್ಟುವುದನ್ನೇ ನೋಡಿಕೊಂಡು ಬಂದವಳು. ಕೈಗೇ ಬಂದ ಸಮಾಧಾನವನ್ನು ಬೇಡ ಎಂದು ತಳ್ಳಿ, ನಾನೇ ಮಾಡಿದ್ದು ಎಂದ ಹಿರಿಯರನ್ನು ನಾನು ಕಂಡದ್ದು ಅದೇ ಮೊದಲು. ಅವರ ಮೇಲಿನ ಗೌರವ ಅಲ್ಲಿಯವರೆಗೆ ಸೊಸೆ ತೋರಿಸಬೇಕಾದ ಗೌರವವಾಗಿತ್ತು. ಆಮೇಲಿನದು ನನ್ನದೇ.

ಎಷ್ಟೋ ತಿಂಗಳು ನಮ್ಮ ಮನೆಯಲ್ಲಿ ಮೀನು ಸಾರಾಗಲಿಲ್ಲ. ಯಾರೂ ಕೇಳಲೂ ಇಲ್ಲ. ಅಂಗಡಿಗೆ ಹೋಗಿ ಇನ್ನೊಂದು ಆಸ್ಕರ್ ತರೋಣ ಎಂದು ನನ್ನ ಗಂಡ ಒಮ್ಮೆ ಹೇಳಿದ್ದಕ್ಕೆ, "ಅದೇನು ಬಲ್ಬೇನೋ ಬದಲಾಯ್ಸಕ್ಕೆ?" ಎಂದು ಗದರಿದರು. ಟ್ಯಾಂಕಿನಲ್ಲಿ ಸಕ್ಕರ್ ಒಂದೇ ಉಳಿಯಿತು. ಅದಕ್ಕೆ ಕಾಳು ಹಾಕುವಾಗಲೂ ಅತ್ತೆ ಮುಖ ಕೊಟ್ಟು ನೋಡುತ್ತಿರಲಿಲ್ಲ. ಆದರೆ ಅದರ ನೀರಿನ ವಾಸನೆ ನೋಡಲು ಮಹಡಿ ಹತ್ತುವುದನ್ನು ಒಂದು ದಿನವೂ ಬಿಡಲಿಲ್ಲ. ಚಳಿಗಾಲ ಕಳೆದ ಮೇಲೆ ಒಂದು ಭಾನುವಾರ ಅವರೇ, "ಮೀನು ತಗೊಂಡ್ ಬಾರೋ, ಹುಡುಗ್ರು ಬಾಯಿ ಬಿಟ್ಕೊಂಡಿದಾವೆ" ಎಂದರು. ಚೀಲ ಗೇಟಿಗೆ ಬಂದಾಗ ಗೋಡೆಯ ಮೊಳೆಯಿಂದ ಟವೆಲ್ ತೆಗೆದರು. ಸಕ್ಕರ್ ಗಾಜಿಗೆ ಅಂಟಿಕೊಂಡೇ ಇತ್ತು. ಅವರು ಒಂದು ಕ್ಷಣ ಅದನ್ನು ನೋಡಿ, ಟವೆಲ್ ಹೊದಿಸಿದರು.

ಮತ್ತೆ ಆಯುಧಪೂಜೆ ಬಂತು. ಕಾರು, ಮಿಕ್ಸಿ, ಈಳಿಗೆಮಣೆ ಎಲ್ಲ ಮುಗಿಸಿ ಅತ್ತೆ ಟ್ಯಾಂಕಿನ ಹತ್ತಿರ ಬಂದರು. ಗಾಳಿ ಮೋಟರಿನ ಸ್ವಿಚ್ಚಿಗೆ ಅವರು ಕೈ ಹಾಕಲಿಲ್ಲ. ಓಡುತ್ತಿದ್ದ ಮೋಟರಿಗೇ ಅರಿಶಿನ ಕುಂಕುಮ ಹಚ್ಚಿದರು. ಮೇಲೊಂದು ಸೇವಂತಿಗೆ ಇಟ್ಟರು. ಮೋಟರಿನ ನಡುಕಕ್ಕೆ ಹೂ ಜಾರಿ ಬಿತ್ತು. ಎತ್ತಿ ಇಟ್ಟರು, ಮತ್ತೆ ಬಿತ್ತು.

"ಅಮ್ಮ, ಮಂಗಳಾರತಿ ಆಗೋವರೆಗೆ ಆಫ್ ಮಾಡಿದ್ರೆ ಏನೂ ಆಗಲ್ಲ" ಎಂದ ನನ್ನ ಗಂಡ. ನಿಜವೇ. ಅಷ್ಟು ಹೊತ್ತಿಗೆ ಏನೂ ಆಗುತ್ತಿರಲಿಲ್ಲ, ಅದೂ ಆ ಸಕ್ಕರ್‌ಗೆ.

ಅತ್ತೆ ಆರತಿ ತಟ್ಟೆಯನ್ನು ನನ್ನ ಕಡೆಗೆ ಚಾಚಿದರು. ನಾನು ಈ ಮನೆಗೆ ಬಂದಾಗಿನಿಂದ ಆಯುಧಪೂಜೆಯ ಆರತಿಯನ್ನು ಅವರು ಯಾರ ಕೈಗೂ ಕೊಟ್ಟಿರಲಿಲ್ಲ. ನೆಲದಿಂದ ಹೂ ಎತ್ತಿ ಮೋಟರಿನ ಮೇಲಿಟ್ಟು, ಬೀಳದಂತೆ ಎರಡು ಬೆರಳಲ್ಲಿ ಒತ್ತಿ ಹಿಡಿದರು.

"ನೀನು ಬೆಳಗವ್ವ" ಅಂದರು. "ಹೂವ ನಾನು ಹಿಡ್ಕೊಂಡಿರ್ತೀನಿ."

ನಾನು ಆರತಿ ಬೆಳಗಿದೆ. ಮೋಟರು ಓಡುತ್ತಲೇ ಇತ್ತು.