ಅಜ್ಜಿ ಶನಿಯನ್ನು ನೋಡಿದ ಸಂಜೆ

ನಾನು ಚಿಕ್ಕವಳಿದ್ದಾಗ ನಮ್ಮ ಹಿತ್ತಲಿಗೆ ಪೂರ್ತಿ ಆಕಾಶ ಇರಲಿಲ್ಲ, ಮಕ್ಕಳೇ. ತುರುವೇಕೆರೆ ಕಡೆಯ ನಮ್ಮ ಮನೆಯ ಸುತ್ತ ತೆಂಗಿನ ತೋಟ. ಗರಿಗಳ ಸಂದಿಯಲ್ಲಿ ಕಂಡಷ್ಟೇ ನಕ್ಷತ್ರಗಳು ನಮ್ಮ ಪಾಲಿಗೆ. ಅಷ್ಟರಲ್ಲೇ ಅಕ್ಕ ಶನಿಗ್ರಹವನ್ನು ಹುಡುಕಲು ಹೊರಟಿದ್ದಳು. ಮಾವ ತಂದುಕೊಟ್ಟ ಮಸೂರಗಳನ್ನು ಕೊಳವೆಗೆ ಕೂರಿಸಿ, ಬೇಸಿಗೆ ರಜೆಯೆಲ್ಲ ಕೂತು ಟೆಲಿಸ್ಕೋಪ್ ಮಾಡಿದ್ದಳು. ಕಾಯಿ ಸುಲಿಯಲು ನೆಟ್ಟಿದ್ದ ಹಾರೆಗೆ ಅದನ್ನು ನಾರಿನ ಹಗ್ಗದಲ್ಲಿ ಬಿಗಿದೆವು.

ಅಜ್ಜಿಗೆ ವಿಷಯ ತಿಳಿದು ಸಿಟ್ಟು ನೆತ್ತಿಗೇರಿತು. ಆ ವರ್ಷ ಅಪ್ಪ ಕೊಬ್ಬರಿ ಅಟ್ಟದ ಏಣಿಯಿಂದ ಜಾರಿ ಕಾಲು ಮುರಿದುಕೊಂಡಿದ್ದರು. ಅದು ಶನಿಕಾಟವೆಂದು ಅಜ್ಜಿ ಪ್ರತಿ ಶನಿವಾರ ಎಳ್ಳುದೀಪ ಹಚ್ಚುತ್ತಿದ್ದಳು.

"ಊರೋರೆಲ್ಲ ಅವ್ನ ಕಣ್ಣು ತಪ್ಪುಸ್ಕಂಡು ಓಡಾಡ್ತರೆ. ನೀನು ಕೊಳವೆ ಹಿಡ್ಕಂಡು ಹುಡುಕ್ತೀಯೇನೇ? ನಾಳೆ ಇದು ಬಚ್ಚಲ ಒಲೆಗೇ ಕಣೇ!"

ಅಜ್ಜಿ ಆಡಿದ ಮಾತು ತಪ್ಪುವವಳಲ್ಲ. ಅಕ್ಕನ ಕಣ್ಣು ತುಂಬಿತು. ನಾನು ಕೊಳವೆಯನ್ನು ತಬ್ಬಿಕೊಂಡು ನಿಂತೆ. ಒಳಗಿಂದ ಮುದ್ದೆ ಸಾರಿನ ಘಮ ಬರುತ್ತಿದ್ದರೂ ಹಸಿವೇ ಇರಲಿಲ್ಲ.

ಆಗ ಅಪ್ಪ ಕೋಲೂರಿಕೊಂಡು ಹಿತ್ತಲಿಗೆ ಬಂದರು. "ತಡಿ ಅವ್ವ. ಇಷ್ಟು ಕಾಟ ಕೊಟ್ಟೋನ ಮುಖನಾದ್ರೂ ನೋಡ್ತೀನಿ ಬುಡು" ಎಂದರು. ಅಕ್ಕ ಕಣ್ಣೊರೆಸಿಕೊಂಡು ಕೊಳವೆಯನ್ನು ಶನಿಯತ್ತ ತಿರುಗಿಸಿಕೊಟ್ಟಳು, ಅಪ್ಪ ಬಗ್ಗಿ ಕಣ್ಣಿಟ್ಟರು. ಆಮೇಲೆ ಅಜ್ಜಿಯ ಕೈ ಹಿಡಿದು ಹತ್ತಿರ ಎಳೆದರು.

ಅಜ್ಜಿ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು, ದೇವರನ್ನು ನೆನೆದು, ಒಂದೇ ಕಣ್ಣಲ್ಲಿ ಇಣುಕಿದಳು. ಸೆರಗು ತಾನಾಗಿ ಜಾರಿತು.

"ಅಯ್ಯೋ, ಇಷ್ಟೇನಾ! ಸಿಂಬೆ ಮೇಲೆ ಕೂರ್ಸಿದ ಪುಟ್ಟ ಬಿಂದಿಗೆ ಇದ್ದಂಗವ್ನೆ. ಪಾಪ, ಅಷ್ಟು ದೂರದಾಗೆ ಒಬ್ಬನೇ ಏನ್ ಮಾಡ್ತನೆ?"

ಅಷ್ಟರಲ್ಲಿ ಗಾಳಿಗೆ ಗರಿಯೊಂದು ಅಡ್ಡ ಬಂತು. ಅಜ್ಜಿ ಆ ಮರಕ್ಕೇ ಬೈದಳು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಕೊಳವೆ ಒಲೆಗೆ ಹೋಗಲಿಲ್ಲ. ಎಳ್ಳುದೀಪವನ್ನು ಅಜ್ಜಿ ಬಿಡಲಿಲ್ಲ, ಆದರೆ ಅದನ್ನು ಹಚ್ಚಿದ ಮೇಲೆ ಹಿತ್ತಲಿಗೆ ಬಂದು ಗರಿಗಳ ಸಂದಿಯಲ್ಲಿ ಅವನನ್ನು ಹುಡುಕುತ್ತಿದ್ದಳು.

ನಿಮ್ಮ ಫೋನಿನಲ್ಲಿ ಬರುವ ಶನಿ ಅಂಗೈ ಅಗಲ, ಬಳೆ ಬಣ್ಣಬಣ್ಣ. ನಮ್ಮದು ಎಳ್ಳುಕಾಳಿನಷ್ಟಿತ್ತು. ಆದರೂ ಅಷ್ಟು ಹೆದರಿಕೆಯಲ್ಲಿ ಮೊಮ್ಮಗಳಿಗಾಗಿ ಕಣ್ಣಿಟ್ಟಳಲ್ಲ, ಆ ಅಜ್ಜಿಯ ಋಣ ನನ್ನ ಮೇಲಿದೆ. ನೀವು "ಅಜ್ಜಿ, ಇಲ್ಲಿ ನೋಡು" ಎಂದು ಏನೇನೋ ತೋರಿಸುತ್ತೀರಿ. ಅರ್ಧ ನನಗೆ ತಿಳಿಯುವುದಿಲ್ಲ, ಕೆಲವಕ್ಕೆ ಭಯವೂ ಆಗುತ್ತದೆ. ಆದರೂ ಒಂದು ಸಲವಾದರೂ ಬೇಡ ಅಂದಿದ್ದೇನೆಯೇ?